ಗೇಮಿನ ಬಸ್ಸಿಗೆ ತೀರ್ಥಹಳ್ಳಿ ಬೋರ್ಡು: ಟೆಕ್ಸ್ಚರ್ ಎಲ್ಲಿ ಮಸುಕಾಗುತ್ತದೆ, ಯಾಕೆ?

ದಸರಾ ರಜೆಗೆ ಬಂದಿದ್ದ ಅಕ್ಕನ ಮಗ ಮೂರು ದಿನ ಕೂತು ಒಂದು ಬಸ್ಸಿಗೆ ಬಣ್ಣ ಹೊಡೆದ. ನಿಜವಾದ ಬಸ್ಸಲ್ಲ, ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಅನ್ನುವ ಮೊಬೈಲ್ ಗೇಮಿನ ಬಸ್ಸು. 2017ರಲ್ಲಿ ಬಂದ ಈ ಗೇಮಿನಲ್ಲಿ ರಸ್ತೆಗಳೆಲ್ಲ ಇಂಡೋನೇಷ್ಯಾದವು. ಆದರೆ ಬಸ್ಸಿಗೆ ನಮ್ಮದೇ ಬಣ್ಣ, ನಮ್ಮದೇ ಬೋರ್ಡು ಹಾಕಿಕೊಳ್ಳಬಹುದು. ಅದಕ್ಕೆ ಲಿವರಿ ಅಂತಾರೆ. ಹಾಗಾಗಿ ಜಾವಾದ ರಸ್ತೆಯಲ್ಲಿ ಐರಾವತ ಓಡಿಸುವುದು ನಮ್ಮ ಹುಡುಗರಿಗೆ ಹೊಸದೇನಲ್ಲ.

ಇವನು ಮಾಡಿದ್ದು ಮಲೆನಾಡಿನ ಖಾಸಗಿ ಬಸ್ಸು. ಹಳದಿ ಮೈ, ಕೆಂಪು ಪಟ್ಟೆ, ಮುಂದೆ ದೊಡ್ಡದಾಗಿ ‘ಶಿವಮೊಗ್ಗ – ತೀರ್ಥಹಳ್ಳಿ – ಶೃಂಗೇರಿ’. ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ಅಂಚು, ಅಂಚಿಗೊಂದು ನೆರಳು. ಫೋನಿನ ಗ್ಯಾಲರಿಯಲ್ಲಿ ನೋಡಿದಾಗ ಚಂದ ಇತ್ತು. ಗೇಮಿಗೆ ಹಾಕಿದ ಮೇಲೆ ಬೋರ್ಡು ಕೆಟ್ಟಿತು. ‘ಥ’ದ ಹೊಟ್ಟೆಯ ಚುಕ್ಕೆ ಹೋಗಿ ಅದು ‘ಧ’ ಆಗಿತ್ತು. ‘ಳ್ಳಿ’ಯ ಒತ್ತು ಬರೀ ಒಂದು ಕಲೆ. ‘ಗ್ಗ’ ಅಂತೂ ಕೇಳಲೇಬೇಡಿ. ಕ್ಯಾಮೆರಾ ಸ್ವಲ್ಪ ಹಿಂದೆ ಸರಿಸಿದರೆ ಇಡೀ ಬೋರ್ಡೇ ಕೆಂಪು ಹೊಗೆ.

“ಫೋನ್ ಹಳೇದಾಯ್ತು ಮಾಮಾ” ಅಂದ. ಅವನ ಉದ್ದೇಶ ನಿಮಗೂ ಗೊತ್ತಾಯಿತು ಅಲ್ವಾ?

ಫೋನಿನದು ಏನೂ ತಪ್ಪಿರಲಿಲ್ಲ. ಆದರೆ ಅದನ್ನು ಅವನಿಗೆ ಒಪ್ಪಿಸಲು ಒಂದು ಸಂಜೆ ಪೂರ್ತಿ ಬೇಕಾಯಿತು. ಗೇಮ್ ಮಸುಕಾಗಿ ಕಂಡರೆ ನಾವೆಲ್ಲ ಮಾಡುವುದು ಎರಡೇ ಕೆಲಸ. ಒಂದೋ ಟೆಕ್ಸ್ಚರ್ (ವಸ್ತುಗಳ ಮೇಲೆ ಸುತ್ತಿದ ಚಿತ್ರ) ಸೆಟ್ಟಿಂಗನ್ನು ಎಲ್ಲಕ್ಕಿಂತ ಮೇಲಿನ ಅಲ್ಟ್ರಾಗೆ ಏರಿಸುತ್ತೇವೆ, ಇಲ್ಲಾಂದ್ರೆ ಶಾರ್ಪ್‌ನೆಸ್ ಗೆರೆಯನ್ನು ಬಲಕ್ಕೆ ಎಳೆಯುತ್ತೇವೆ. ಎಷ್ಟೋ ಸಲ ಎರಡರಿಂದಲೂ ಉಪಯೋಗ ಆಗುವುದಿಲ್ಲ. ಹತ್ತಿರದ ಮಸುಕು ಬೇರೆ, ದೂರದ್ದು ಬೇರೆ, ಓಡುವಾಗ ಕಾಣುವುದು ಇನ್ನೂ ಬೇರೆ. ಯಾವುದು ಎಲ್ಲಿಂದ ಬಂತು ಅಂತ ನೋಡದೆ ಗೆರೆ ಎಳೆದರೆ ಏನು ಪ್ರಯೋಜನ?

ಒಂದು ಪಿಕ್ಸೆಲ್‌ಗೆ ಎಷ್ಟು ಟೆಕ್ಸೆಲ್?

ಗೇಮಿನೊಳಗಿನ ಬಸ್ಸು ಅಂದರೆ ತ್ರಿಕೋನಗಳಿಂದ ಮಾಡಿದ ಬೋಳು ಡಬ್ಬ. ಅದಕ್ಕೆ ಸುತ್ತಿದ ಚಿತ್ರವೇ ಟೆಕ್ಸ್ಚರ್. ಹೀಗೆ ಚಿತ್ರ ಸುತ್ತುವ ಉಪಾಯವನ್ನು ಎಡ್ ಕ್ಯಾಟ್ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದರು. ಮುಂದೆ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರು ಇವರೇ. ಪರದೆಯ ಮೇಲಿನ ಚುಕ್ಕೆಗೆ ಪಿಕ್ಸೆಲ್ ಅಂತ ಹೆಸರು. ಟೆಕ್ಸ್ಚರ್ ಒಳಗಿನ ಚುಕ್ಕೆಗೆ ಟೆಕ್ಸೆಲ್. ಇವೆರಡನ್ನು ಕಲಸಿಕೊಳ್ಳದಿದ್ದರೆ ಅರ್ಧ ವಿಷಯ ಅರ್ಥವಾದ ಹಾಗೆ.

ಅವನ ಬೋರ್ಡಿನ ಲೆಕ್ಕ ಹಾಕೋಣ. ಬಸ್ಸಿನ ಎರಡು ಪಕ್ಕ, ಮುಂದೆ, ಹಿಂದೆ, ಮಾಡು ಎಲ್ಲ ಸೇರಿ ಒಂದೇ ಚಿತ್ರದಲ್ಲಿ ಜಾಗ ಹಂಚಿಕೊಂಡಿರುತ್ತವೆ. ಆ ಚಿತ್ರ 2048 × 2048 ಎಂದುಕೊಳ್ಳಿ. ಬಸ್ಸಿನ ಮುಖದ ಪಾಲಿಗೆ ಅಡ್ಡಕ್ಕೆ 512 ಟೆಕ್ಸೆಲ್ ಸಿಕ್ಕಿದೆ. ಬಸ್ಸಿನ ಅಗಲ ಸುಮಾರು ಎರಡೂವರೆ ಮೀಟರ್. ಅಂದರೆ ಒಂದು ಟೆಕ್ಸೆಲ್ ಸುಮಾರು 5 ಮಿಲಿಮೀಟರ್ ಜಾಗ ತುಂಬುತ್ತದೆ. ಬೋರ್ಡಿನ ಸಾಲು 15 ಸೆಂಟಿಮೀಟರ್ ಎತ್ತರ ಇದ್ದರೆ ಅದಕ್ಕೆ ಸಿಗುವುದು 30 ಟೆಕ್ಸೆಲ್. ಇಂಗ್ಲಿಷ್ ದೊಡ್ಡಕ್ಷರಕ್ಕೆ 30 ಧಾರಾಳ. ನಮಗೆ ಹಾಗಲ್ಲ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಒತ್ತಿಗೆ ಉಳಿಯುವುದು ಹತ್ತು ಟೆಕ್ಸೆಲ್. ‘ಥ’ದ ಚುಕ್ಕೆಗೆ ಒಂದೋ ಎರಡೋ. ಎರಡು ಟೆಕ್ಸೆಲ್ ಚುಕ್ಕೆಗೆ ಕಪ್ಪು ಅಂಚು, ಅದರ ಮೇಲೆ ನೆರಳು ಬೇರೆ! ಗ್ಯಾಲರಿಯಲ್ಲಿ ಅವನು ಚಿತ್ರವನ್ನು ಹಿಗ್ಗಿಸಿ, ಕಣ್ಣ ಹತ್ತಿರ ಹಿಡಿದು ನೋಡಿದ್ದ. ಗೇಮಿನಲ್ಲಿ ಯಾರು ಹಾಗೆ ನೋಡುತ್ತಾರೆ?

ಈಗ ಕ್ಯಾಮೆರಾ ಬೋರ್ಡಿಗೆ ಹತ್ತಿರ ಹೋಯಿತು ಅನ್ನಿ. ಒಂದೇ ಟೆಕ್ಸೆಲ್ ಪರದೆಯ ಐದಾರು ಪಿಕ್ಸೆಲ್‌ಗಳಷ್ಟು ಹರಡಿಕೊಳ್ಳುತ್ತದೆ. ನಡುವಿನ ಪಿಕ್ಸೆಲ್‌ಗಳಿಗೆ ಯಾವ ಬಣ್ಣ ಕೊಡಬೇಕು? ಅಕ್ಕಪಕ್ಕದ ನಾಲ್ಕು ಟೆಕ್ಸೆಲ್ ತೆಗೆದುಕೊಂಡು ಹದವಾಗಿ ಬೆರೆಸುವುದು ಮಾಮೂಲಿ ದಾರಿ. ಇದು ಬೈಲೀನಿಯರ್ ಫಿಲ್ಟರಿಂಗ್. ಅಂಚುಗಳು ಕರಗಿ ಹತ್ತಿರದ ಮಸುಕು ಹುಟ್ಟುವುದು ಇಲ್ಲಿಂದ. ಮೈನ್‌ಕ್ರಾಫ್ಟ್ ಇದನ್ನು ಮಾಡುವುದಿಲ್ಲ. ಅದರ ಒಂದು ಮೀಟರ್ ಇಟ್ಟಿಗೆಗೆ ಬರೀ 16 × 16 ಟೆಕ್ಸೆಲ್. ಹತ್ತಿರ ಹೋದಾಗ ಬೆರೆಸದೆ, ಹತ್ತಿರದ ಟೆಕ್ಸೆಲ್ ಬಣ್ಣವನ್ನು ಹಾಗೇ ಬಳಿಯುತ್ತದೆ. ಅಂಚು ಬ್ಲೇಡಿನ ಹಾಗೆ ಶಾರ್ಪ್. ಆದರೆ ವಿವರ ಏನಾದರೂ ಜಾಸ್ತಿ ಆಯಿತಾ? ಇಲ್ಲ. ಶಾರ್ಪ್ ಆಗಿರುವುದು ಬೇರೆ, ವಿವರ ಇರುವುದು ಬೇರೆ. ಮುಂದೆ ಶಾರ್ಪ್‌ನೆಸ್ ಗೆರೆಯ ಮಾತು ಬಂದಾಗ ಇದು ನೆನಪಿರಲಿ.

ಹತ್ತಿರದ ಮಸುಕಿಗೆ ನೇರ ಔಷಧ ಅಂದರೆ ಜಾಸ್ತಿ ಟೆಕ್ಸೆಲ್. ಅದಕ್ಕೇ ಸ್ಟುಡಿಯೋಗಳಲ್ಲಿ ಮೀಟರ್‌ಗೆ 512 ಟೆಕ್ಸೆಲ್, 1024 ಟೆಕ್ಸೆಲ್ ಅಂತ ಮೊದಲೇ ಒಂದು ಅಳತೆ ಗೊತ್ತು ಮಾಡಿಕೊಳ್ಳುತ್ತಾರೆ. ಇಲ್ಲದಿದ್ದರೆ ಬಾಗಿಲು ಹೊಳೆಯುತ್ತದೆ, ಪಕ್ಕದ ಗೋಡೆ ಕೊಚ್ಚೆಯಾಗಿ ಕಾಣುತ್ತದೆ. ಎಲ್ಲ ಕಡೆ ಅಷ್ಟೊಂದು ಟೆಕ್ಸೆಲ್ ಕೊಡಲು ಆಗದಿದ್ದಾಗ ಇನ್ನೊಂದು ಉಪಾಯ ಇದೆ. ಹತ್ತಿರ ಹೋದಾಗ ಮಾತ್ರ ಮೂಲ ಚಿತ್ರದ ಮೇಲೆ ಗೀರು, ಕಾಳು, ಧೂಳಿನ ಪುಟ್ಟ ಚಿತ್ರವೊಂದನ್ನು ಪದೇ ಪದೇ ಜೋಡಿಸಿ ಬೆರೆಸುವುದು. 1998ರ ಅನ್‌ರಿಯಲ್ ಗೇಮಿನಲ್ಲಿ ಗೋಡೆಗೆ ಮೂಗು ತಾಗಿಸಿದರೂ ಕಲ್ಲಿನ ಒರಟು ಕಾಣುತ್ತಿದ್ದುದು ಹೀಗೆ. ಕಲ್ಲಿಗೆ, ಮಣ್ಣಿಗೆ, ಬಟ್ಟೆಗೆ ಇದು ಭರ್ಜರಿ. ಅಕ್ಷರಕ್ಕೆ ಮಾತ್ರ ಪ್ರಯೋಜನ ಇಲ್ಲ.

ಅಕ್ಷರಕ್ಕೆ ಬೇರೆಯೇ ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ವಾಲ್ವ್ ಕಂಪನಿಯ ಕ್ರಿಸ್ ಗ್ರೀನ್ 2007ರಲ್ಲಿ ಇದನ್ನು ವಿವರಿಸಿದರು. ಟೀಮ್ ಫೋರ್ಟ್ರೆಸ್ 2 ಗೇಮಿನಲ್ಲಿ ಬಳಸಿದರು. ಟೆಕ್ಸೆಲ್ ಒಳಗೆ ಬಣ್ಣ ಇಡುವುದಿಲ್ಲ. ಅದರ ಬದಲು ‘ಇಲ್ಲಿಂದ ಅಕ್ಷರದ ಅಂಚು ಎಷ್ಟು ದೂರ’ ಅನ್ನುವ ಅಂಕೆ ಇಡುತ್ತಾರೆ. ದೂರ ಅನ್ನುವುದು ನಿಧಾನಕ್ಕೆ ಬದಲಾಗುವ ಸಂಗತಿ. ಹಾಗಾಗಿ ಬೈಲೀನಿಯರ್ ಎಷ್ಟೇ ಬೆರೆಸಿದರೂ ದೂರದ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ದೂರ ಸೊನ್ನೆ ಆಗುವ ಕಡೆ ಅಂಚು ಕತ್ತರಿಸಿದರೆ ಆಯಿತು. 64 × 64ರ ಪುಟ್ಟ ಚಿತ್ರದಿಂದ ಗೋಡೆಯಷ್ಟು ದೊಡ್ಡ ಗುರುತನ್ನು ಚೂಪಾಗಿ ಬಿಡಿಸಬಹುದು. ಇದರ ದೋಷ ಏನೆಂದರೆ ಚೂಪು ಮೂಲೆಗಳು ಉರುಟಾಗುತ್ತವೆ. ಇಂಗ್ಲಿಷಿನವರಿಗೆ ಅದು ತಲೆನೋವು. ನಮ್ಮದು ಹೇಗೂ ಉರುಟು ಲಿಪಿ, ಮೂಲೆಗಳೇ ಕಡಿಮೆ! ಆದರೆ ಒತ್ತು ಮತ್ತು ಅಕ್ಷರದ ನಡುವಿನ ಕಿರಿದಾದ ಸಂದು ಮುಚ್ಚಿಹೋಗುವ ಅಪಾಯ ನಮಗೂ ತಪ್ಪಿದ್ದಲ್ಲ. ಗೇಮ್ ಮಾಡುವವರ ಕೈಯಲ್ಲಿರುವ ಉಪಾಯ ಇದು. ಲಿವರಿ ಬಿಡಿಸುವ ಹುಡುಗನಿಗೆ ಇದು ಸಿಗುವುದಿಲ್ಲ.

ದೂರ ಹೋದರೆ

ಈಗ ಉಲ್ಟಾ ಕಡೆ. ಬಸ್ಸು ದೂರ ಇದೆ. ಒಂದೇ ಪಿಕ್ಸೆಲ್ ಒಳಗೆ ಐವತ್ತು ಟೆಕ್ಸೆಲ್ ತುರುಕಿಕೊಂಡಿವೆ. ಅದರಲ್ಲಿ ಯಾವುದೋ ಒಂದನ್ನು ಆರಿಸಿ ಬಳಿದರೆ ಏನಾಗುತ್ತದೆ? ಈ ಕ್ಷಣ ಕೆಂಪು ಸಿಕ್ಕಿತು, ಬಸ್ಸು ಕೂದಲೆಳೆಯಷ್ಟು ಸರಿದರೆ ಹಳದಿ. ಬೋರ್ಡು ಮಿಣಮಿಣ ಅನ್ನಲು ಶುರು. ಟಿವಿಯಲ್ಲಿ ಯಾರಾದರೂ ಸಣ್ಣ ಚೌಕಳಿ ಶರ್ಟು ಹಾಕಿಕೊಂಡು ಕೂತರೆ ಶರ್ಟಿನ ಮೇಲೆ ಇರುವೆ ಹರಿದಾಡಿದ ಹಾಗೆ ಕಾಣುತ್ತದಲ್ಲ, ಅದೇ ಕಾಟ.

ಇದಕ್ಕೆ ಪರಿಹಾರ ಕೊಟ್ಟವರು ಲ್ಯಾನ್ಸ್ ವಿಲಿಯಮ್ಸ್, 1983ರಲ್ಲಿ. ಚಿತ್ರವನ್ನು ಮೊದಲೇ ಅರ್ಧ, ಕಾಲು, ಅರೆಕಾಲು ಅಂತ ಕುಗ್ಗಿಸಿ ಸಾಲಾಗಿ ಇಟ್ಟುಕೊಳ್ಳುವುದು. 2048, 1024, 512 ಹೀಗೆ ಇಳಿದು ಕೊನೆಗೆ ಒಂದೇ ಚುಕ್ಕೆ. ಒಟ್ಟು 12 ಮಟ್ಟ. ಇವಕ್ಕೆ ಮಿಪ್ ಅಂತ ಹೆಸರು. ‘ಸಣ್ಣದರಲ್ಲಿ ಬಹಳಷ್ಟು’ ಅನ್ನುವ ಅರ್ಥದ ಲ್ಯಾಟಿನ್ ನುಡಿಯ ಮೂರು ಮೊದಲಕ್ಷರ. ಕರಿಯನ್ನು ಕನ್ನಡಿಯಲ್ಲಿ ತೋರಿಸುವುದು ಅಂತೀವಲ್ಲ, ಹತ್ತಿರಹತ್ತಿರ ಅದೇ ಮಾತು. ಇಷ್ಟೆಲ್ಲ ಪ್ರತಿ ಇಟ್ಟುಕೊಂಡರೂ ಜ್ಞಾಪಕದಲ್ಲಿ (ಮೆಮೊರಿಯಲ್ಲಿ) ಮೂರನೇ ಒಂದು ಭಾಗ ಮಾತ್ರ ಜಾಸ್ತಿ ಜಾಗ ಹೋಗುತ್ತದೆ. ದೂರ ನೋಡಿಕೊಂಡು ಗ್ರಾಫಿಕ್ಸ್ ಚಿಪ್ಪು ತಕ್ಕ ಮಟ್ಟವನ್ನು ಆರಿಸುತ್ತದೆ. ಎರಡು ಮಟ್ಟಗಳ ನಡುವೆ ಗೆರೆ ಎದ್ದು ಕಾಣದಿರಲಿ ಅಂತ ಎರಡನ್ನೂ ಬೆರೆಸಿದರೆ ಅದು ಟ್ರೈಲೀನಿಯರ್. ಅಲ್ಲಿ ಬೈಲೀನಿಯರ್‌ನ ನಾಲ್ಕರ ಬದಲು ಎಂಟು ಟೆಕ್ಸೆಲ್ ಓದಬೇಕು.

ಮಿಪ್ ಮಾಡುವುದು ಹೇಗೆ? ತೀರಾ ಸರಳ ವಿಧಾನದಲ್ಲಿ ನಾಲ್ಕು ಟೆಕ್ಸೆಲ್‌ಗಳ ಸರಾಸರಿ ತೆಗೆದು ಒಂದು ಮಾಡುತ್ತಾರೆ. ಈಗ ನಮ್ಮ ‘ಥ’ದ ಚುಕ್ಕೆಯನ್ನು ಹಿಂಬಾಲಿಸಿ. ಹಳದಿಯ ನಡುವೆ ಒಂದು ಕೆಂಪು ಟೆಕ್ಸೆಲ್. ಮೊದಲ ಮಟ್ಟ ಇಳಿದಾಗ ಕಾಲು ಭಾಗ ಕೆಂಪು ಬೆರೆತ ಹಳದಿ. ಎರಡನೇ ಮಟ್ಟದಲ್ಲಿ ಹದಿನಾರನೇ ಒಂದು ಭಾಗ. ಅಲ್ಲಿಗೆ ಚುಕ್ಕೆಯ ಕಥೆ ಮುಗಿಯಿತು, ತೀರ್ಥ ಹೋಗಿ ತೀರ್ಧ ಆಯಿತು. ಇದನ್ನು ಕಾಗದದ ಮೇಲೆ ಚೌಕ ಹಾಕಿ ತೋರಿಸಿದೆ. ಫೋನಿನ ಮೇಲಿದ್ದ ಅವನ ಸಿಟ್ಟು ಸ್ವಲ್ಪ ಇಳಿಯಿತು.

ಬರೀ ಸರಾಸರಿಯ ಬದಲು ಮಿಪ್ ತಯಾರಿಸುವಾಗಲೇ ಒಂಚೂರು ಶಾರ್ಪ್ ಮಾಡುವ ಪದ್ಧತಿಯೂ ಇದೆ. ಗೇಮ್ ಕಟ್ಟಲು ಬಳಸುವ ಅನ್‌ರಿಯಲ್ ಎಂಜಿನ್‌ನಲ್ಲಿ ಇದಕ್ಕೆ 0ರಿಂದ 10ರವರೆಗೆ ಆಯ್ಕೆ ಕೊಟ್ಟಿದ್ದಾರೆ. ಬೋರ್ಡು, ಬರಹ ಇರುವ ಚಿತ್ರಗಳಿಗೆ ಇದು ಒಳ್ಳೆ ಕೆಲಸ ಮಾಡುತ್ತದೆ. ಹುಲ್ಲಿಗೆ, ಎಲೆಗೆ ಜಾಸ್ತಿ ಮಾಡಿದರೆ ಮತ್ತೆ ಮಿಣಮಿಣ.

ರಸ್ತೆ ಮಾತ್ರ ಯಾಕೆ ಕೊಚ್ಚೆ?

ಬಸ್ಸು ಬಿಟ್ಟು ಅದರ ಮುಂದಿನ ರಸ್ತೆ ನೋಡಿ. ಚಕ್ರದ ಹತ್ತಿರ ಡಾಂಬರಿನ ಜಲ್ಲಿ ಕಾಣುತ್ತದೆ. ಇಪ್ಪತ್ತು ಮೀಟರ್ ಮುಂದೆ ಬಿಳಿ ಗೆರೆಗಳು ಹಾಲು ಚೆಲ್ಲಿದ ಹಾಗೆ ಹರಡಿರುತ್ತವೆ. ಅದೇ ದೂರದಲ್ಲಿ ನಿಂತ ಗೋಡೆ ಮಾತ್ರ ಸ್ಪಷ್ಟ. ದೂರ ಒಂದೇ, ಮಸುಕು ಯಾಕೆ ಬೇರೆ?

ಗೋಡೆ ನಮಗೆ ಎದುರಾಗಿ ನಿಂತಿದೆ, ರಸ್ತೆ ಓರೆಯಾಗಿ ಮಲಗಿದೆ. ಗೋಡೆಯ ಮೇಲೆ ಒಂದು ಪಿಕ್ಸೆಲ್ ಬಿದ್ದರೆ ಚೌಕ ಜಾಗ ಹಿಡಿಯುತ್ತದೆ. ರಸ್ತೆಯ ಮೇಲೆ ಅದೇ ಪಿಕ್ಸೆಲ್ ಉದ್ದನೆಯ ಪಟ್ಟಿಯಾಗುತ್ತದೆ. ಸಂಜೆ ಹೊತ್ತು ಬಿದ್ದ ನೆರಳಿನ ಹಾಗೆ. ಎಷ್ಟು ಉದ್ದ ಅಂತ ತಿಳಿಯಲು ಸುಲಭ ಲೆಕ್ಕ ಇದೆ: ದೂರವನ್ನು ಕಣ್ಣಿನ ಎತ್ತರದಿಂದ ಭಾಗಿಸಿ. ಬಸ್ಸಿನ ಡ್ರೈವರ್ ಕಣ್ಣು ನೆಲದಿಂದ ಎರಡೂವರೆ ಮೀಟರ್ ಎತ್ತರ ಇದೆ ಅಂದುಕೊಂಡರೆ, 40 ಮೀಟರ್ ದೂರದಲ್ಲಿ ಆ ಪಟ್ಟಿಯ ಉದ್ದ ಅಗಲದ 16 ಪಟ್ಟು. ಕಾರಿನಲ್ಲಿ ಕಣ್ಣು 1.2 ಮೀಟರ್ ಎತ್ತರ ಇದ್ದರೆ 19 ಮೀಟರಿಗೇ 16 ಪಟ್ಟು. ಕಾರಿನ ಗೇಮಿನಲ್ಲಿ ರಸ್ತೆ ಬೇಗ ಮಸುಕಾಗುವುದು ಇದಕ್ಕೇ.

ಟ್ರೈಲೀನಿಯರ್ ಪಾಪ ಒಂದೇ ಅಳತೆ ನೋಡುತ್ತದೆ. ಉದ್ದ ಎಷ್ಟೋ ಅಷ್ಟು ಸಣ್ಣ ಮಿಪ್ ಆರಿಸಿಬಿಡುತ್ತದೆ. ಉದ್ದಕ್ಕೆ ಅದು ಸರಿ, ಅಡ್ಡಕ್ಕೆ ಅನಾವಶ್ಯಕ ಮಸುಕು. ಇಲ್ಲಿ ಕೈ ಹಿಡಿಯುವುದು ಅನೈಸೊಟ್ರೋಪಿಕ್ ಫಿಲ್ಟರಿಂಗ್. ಹೆಸರು ಕೇಳಿ ಹೆದರಬೇಡಿ. ಅದು ಅಗಲಕ್ಕೆ ತಕ್ಕ ದೊಡ್ಡ ಮಿಪ್ ಆರಿಸಿಕೊಂಡು, ಉದ್ದದ ಗುಂಟ ಹಲವು ಕಡೆ ಬಣ್ಣ ಓದಿ ಬೆರೆಸುತ್ತದೆ. 16 ಪಟ್ಟಿನವರೆಗೆ ಹೋದರೆ ಒಂದು ಪಿಕ್ಸೆಲ್‌ಗೆ 128 ಟೆಕ್ಸೆಲ್ ಓದಬೇಕಾಗಬಹುದು. ಕೇಳಲು ಭಾರಿ ಅನಿಸುತ್ತದೆ. ಆದರೆ ಗೋಡೆಗೆ ಇಷ್ಟು ಬೇಕಿಲ್ಲ, ಓರೆಯಾದ ಕಡೆ ಮಾತ್ರ ಬೇಕು. 2002ರ ರೇಡಿಯಾನ್ 9700 ಗ್ರಾಫಿಕ್ಸ್ ಕಾರ್ಡಿನಲ್ಲೇ 16 ಪಟ್ಟು ಇತ್ತು. ಇವತ್ತಿನ ಪಿಸಿ ಕಾರ್ಡಿಗೆ ಇದು ಲೆಕ್ಕಕ್ಕೇ ಇಲ್ಲದ ಭಾರ. ಆದರೂ ಎಷ್ಟೋ ಗೇಮುಗಳಲ್ಲಿ ಇದು ಸುಮ್ನೆ 4ಕ್ಕೋ 8ಕ್ಕೋ ನಿಂತಿರುತ್ತದೆ. ಪಿಸಿಯಲ್ಲಿ ಆಡುವವರು ಮೊದಲು ಬದಲಿಸಬೇಕಾದ ಸೆಟ್ಟಿಂಗ್ ಯಾವುದು ಅಂತ ಕೇಳಿದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಅಲ್ಟ್ರಾ ಟೆಕ್ಸ್ಚರ್ ಹಾಕಿ ಇದನ್ನು ಆಫ್ ಇಟ್ಟವರ ರಸ್ತೆಗಿಂತ, ಮೀಡಿಯಂ ಟೆಕ್ಸ್ಚರ್ ಜೊತೆ 16 ಇಟ್ಟವರ ರಸ್ತೆ ಎಷ್ಟೋ ಚೆನ್ನಾಗಿರುತ್ತದೆ. ಫೋನಿನಲ್ಲಿ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು. ಅಲ್ಲಿ ಜ್ಞಾಪಕದಿಂದ ಟೆಕ್ಸೆಲ್ ಓದುವುದಕ್ಕೆ ಬ್ಯಾಟರಿ ಖರ್ಚಾಗುತ್ತದೆ, ಫೋನೂ ಬಿಸಿಯಾಗುತ್ತದೆ.

ಹದಿನಾರು ಟೆಕ್ಸೆಲ್, ನಾಲ್ಕೇ ಬಣ್ಣ

4096 × 4096ರ ಒಂದು ಚಿತ್ರವನ್ನು ಹಾಗೇ ಇಟ್ಟರೆ 64 ಎಂಬಿ. ಇಂಥವು ಗೇಮಿನಲ್ಲಿ ನೂರಾರು ಇರುತ್ತವೆ. ಹಾಗಾಗಿ ಟೆಕ್ಸ್ಚರ್‌ಗಳನ್ನು ಹಿಂಡಿ ಇಡುವುದು ವಾಡಿಕೆ. ಪಿಸಿಯಲ್ಲಿ ಹಳೆಯ ವಿಧಾನ ಎಸ್3 ಕಂಪನಿಯದು, 1998ರ ಡೈರೆಕ್ಟ್‌ಎಕ್ಸ್ 6ರ ಹೊತ್ತಿಗೆ ಬಂದದ್ದು. ಅದು ಚಿತ್ರವನ್ನು 4 × 4ರ ತುಂಡು ಮಾಡುತ್ತದೆ. ಪ್ರತಿ ತುಂಡಿಗೆ ಎರಡು ಬಣ್ಣ ಬರೆದಿಟ್ಟುಕೊಂಡು, ಆ ಎರಡರ ನಡುವಿನ ಇನ್ನೆರಡು ಬಣ್ಣಗಳನ್ನು ತಾನೇ ಲೆಕ್ಕ ಹಾಕುತ್ತದೆ. ಹದಿನಾರು ಟೆಕ್ಸೆಲ್‌ಗಳೂ ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. 64 ಬೈಟ್ ಇದ್ದದ್ದು 8 ಬೈಟ್ ಆಗುತ್ತದೆ.

ಆಕಾಶಕ್ಕೆ, ಮಣ್ಣಿಗೆ, ಮರಕ್ಕೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಹಳದಿ ಹಲಗೆ, ಕೆಂಪು ಅಕ್ಷರ, ಕಪ್ಪು ಅಂಚು ಮೂರೂ ಒಂದೇ ತುಂಡಿನಲ್ಲಿ ಬಂದರೆ? ಹಳದಿಗೂ ಕಪ್ಪಿಗೂ ನಡುವೆ ಕೆಂಪು ಬರುವುದಿಲ್ಲ, ಕೊಳೆ ಬಣ್ಣ ಬರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಬಹಳ ಕಾಲ ನಡೆದ ಇಟಿಸಿ1 ಅನ್ನುವ ಹಿಂಡುವ ವಿಧಾನ ಇನ್ನೂ ಜಿಪುಣ. ಅರ್ಧ ತುಂಡಿಗೆ ಒಂದೇ ಮೂಲ ಬಣ್ಣ, ಅದರ ಬೆಳಕನ್ನು ಏರಿಸಬಹುದು, ಇಳಿಸಬಹುದು ಅಷ್ಟೇ. ಹಳದಿ ಮೇಲೆ ಕೆಂಪು ಬರೆಯುವವರಿಗೆ ಅದು ಶತ್ರು. ಈಗಿನ ಎಎಸ್‌ಟಿಸಿ ಅನ್ನುವ ವಿಧಾನ ಎಷ್ಟೋ ಮೇಲು. ತುಂಡನ್ನು 4 × 4ರಿಂದ 12 × 12ರವರೆಗೆ ಬೇಕಾದ ಹಾಗೆ ಆರಿಸಬಹುದು. ತುಂಡು ದೊಡ್ಡದಾದಷ್ಟೂ ಜಾಗ ಉಳಿಯುತ್ತದೆ, ಚುಕ್ಕೆ ಅಳಿಯುತ್ತದೆ. ಪಿಸಿಯಲ್ಲಿ ಬಿಸಿ7 ಅನ್ನುವ ವಿಧಾನ ತುಂಡಿಗೆ 16 ಬೈಟ್ ತೆಗೆದುಕೊಂಡು ಇಂಥ ಕಡೆ ಚೆನ್ನಾಗಿ ನಿಭಾಯಿಸುತ್ತದೆ.

ಬರಹ ಇರುವ ಟೆಕ್ಸ್ಚರ್ ಮಾಡುವವರಿಗೆ ನನ್ನ ಸಲಹೆ ಇಷ್ಟೇ. ಎರಡೇ ಬಣ್ಣದಲ್ಲಿ ಬರೆಯಿರಿ. ಅಂಚು, ನೆರಳು, ಹೊಳಪಿನ ಶೋಕಿ ಬೇಡ. ಅಕ್ಷರದ ಸಂದುಗಳನ್ನು ಬೇಕೆಂದೇ ಅಗಲ ಮಾಡಿ.

ಅಲ್ಟ್ರಾ ಹಾಕಿದರೆ ಯಾಕೆ ಇನ್ನೂ ಮಸುಕು?

ಇದು ವಿಚಿತ್ರ ಅನಿಸಬಹುದು, ಆದರೆ ಆಗುತ್ತದೆ. ಮೇಲಿನ 64 ಎಂಬಿ ಚಿತ್ರವನ್ನು ಬಿಸಿ7ನಲ್ಲಿ ಹಿಂಡಿದರೆ 16 ಎಂಬಿ, ಮಿಪ್ ಸೇರಿ ಸುಮಾರು 21. ಇಂಥ 200 ಚಿತ್ರ ಒಟ್ಟಿಗೆ ಬೇಕಾದರೆ 4 ಜಿಬಿಗಿಂತ ಜಾಸ್ತಿ. ಎಷ್ಟೋ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಇರುವುದೇ 6 ಅಥವಾ 8 ಜಿಬಿ, ಅದರಲ್ಲಿ ಬೇರೆ ಸಾಮಾನುಗಳೂ ಇರಬೇಕು. ಜಾಗ ಸಾಲದಾದಾಗ ಗೇಮ್ ಎಂಜಿನ್ ದೊಡ್ಡ ಮಿಪ್‌ಗಳನ್ನು ಹೊರಗೆ ಹಾಕಿ ಸಣ್ಣವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹೆಸರಿಗೆ ಅಲ್ಟ್ರಾ, ಗೋಡೆ ಮೇಲೆ ಗಂಜಿ. ಹೈಗೆ ಇಳಿಸಿದರೆ ಎಲ್ಲವೂ ಹಿಡಿಸುತ್ತವೆ, ಗೋಡೆಯೂ ಸ್ಪಷ್ಟವಾಗುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಕ್ಯಾಮೆರಾವನ್ನು ಗಕ್ಕನೆ ಹಿಂದಕ್ಕೆ ತಿರುಗಿಸಿ, ಹೊಸ ಗೋಡೆಯನ್ನು ನೋಡಿಕೊಂಡು ಸುಮ್ಮನೆ ನಿಲ್ಲಿ. ಎರಡು ಮೂರು ಸೆಕೆಂಡ್ ಆದ ಮೇಲೆ ಗೋಡೆ ತಾನೇ ಸ್ಪಷ್ಟವಾದರೆ ಟೆಕ್ಸ್ಚರ್ ತಡವಾಗಿ ಬರುತ್ತಿದೆ ಅಂತ ಅರ್ಥ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಗೇಮ್ ಇಟ್ಟವರಿಗೆ ಇದು ಜಾಸ್ತಿ, ಎಸ್‌ಎಸ್‌ಡಿಗೆ ಹಾಕಿ. ಎಷ್ಟು ಹೊತ್ತು ನಿಂತರೂ ಗಂಜಿಯಾಗೇ ಇದ್ದರೆ ಜಾಗದ ಕೊರತೆ ಇರಬಹುದು, ಇಲ್ಲವೇ ಮೂಲ ಚಿತ್ರವೇ ಅಷ್ಟು. 2011ರ ರೇಜ್ ಗೇಮಿನಲ್ಲಿ ಇಡೀ ಜಗತ್ತಿಗೆ 128000 × 128000ರವರೆಗಿನ ದೈತ್ಯ ಟೆಕ್ಸ್ಚರ್ ಸುತ್ತಿದ್ದರು. ದೂರದಿಂದ ನೋಡಿದರೆ ಒಂದು ಬಂಡೆ ಇನ್ನೊಂದರ ಹಾಗಿಲ್ಲ, ಅದ್ಭುತ. ಹತ್ತಿರ ಹೋದರೆ ಮಸುಕು. ಕ್ಯಾಮೆರಾ ತಿರುಗಿಸಿದರೆ ಚಿತ್ರಗಳು ಕಣ್ಣೆದುರೇ ತುಂಬಿಕೊಳ್ಳುತ್ತಿದ್ದವು. ಒಟ್ಟು ಟೆಕ್ಸೆಲ್ ಎಷ್ಟೇ ಇರಲಿ, ಎದುರಿಗಿರುವ ಒಂದು ಮೀಟರ್ ಗೋಡೆಗೆ ಎಷ್ಟು ಬಂತು ಅನ್ನುವುದೇ ಮುಖ್ಯ.

ನಿಂತಾಗ ಚೆನ್ನ, ಓಡಿದಾಗ ಮಂಜು

ಇದು ಟೆಕ್ಸ್ಚರ್‌ನ ತಪ್ಪೇ ಅಲ್ಲ, ಆದರೂ ಬೈಗುಳ ಅದಕ್ಕೇ ಬೀಳುತ್ತದೆ. ಈಗಿನ ಗೇಮುಗಳು ಅಂಚುಗಳ ಮೆಟ್ಟಿಲನ್ನು ಅಳಿಸಲು ಟಿಎಎ ಅನ್ನುವ ಉಪಾಯ ಬಳಸುತ್ತವೆ. ಪ್ರತಿ ಫ್ರೇಮಿನಲ್ಲೂ ಕ್ಯಾಮೆರಾವನ್ನು ಪಿಕ್ಸೆಲ್‌ಗಿಂತ ಕಡಿಮೆ ಅಲುಗಿಸಿ, ಹಳೆಯ ಫ್ರೇಮುಗಳ ಜೊತೆ ಬೆರೆಸುತ್ತಾ ಹೋಗುವುದು. ನಿಂತಿದ್ದಾಗ ಇದರಿಂದ ವಿವರ ಹೆಚ್ಚುತ್ತದೆ. ಓಡುವಾಗ ಹಳೆಯ ಫ್ರೇಮಿನ ಚಿತ್ರವನ್ನು ಹೊಸ ಜಾಗಕ್ಕೆ ಎಳೆದು ತರಬೇಕು. ಹಾಗೆ ಎಳೆದಾಗಲೆಲ್ಲ ಒಂಚೂರು ಕರಗುತ್ತದೆ. ಚಿತ್ರ ಹಿಗ್ಗಿಸುವ ವಿಧಾನಗಳಾದ ಎನ್ವಿಡಿಯಾದ ಡಿಎಲ್ಎಸ್ಎಸ್, ಎಎಂಡಿಯ ಎಫ್ಎಸ್ಆರ್ 2ರ ಬೇರು ಕೂಡ ಇದೇ. ಅವು ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ, ಹಳೆಯ ಫ್ರೇಮುಗಳ ನೆರವಿನಿಂದ ದೊಡ್ಡದು ಮಾಡುತ್ತವೆ.

ಇಲ್ಲೊಂದು ಒಳಗುಟ್ಟು ಇದೆ. 4ಕೆ (3840 × 2160) ಪರದೆಯಲ್ಲಿ ಇವುಗಳ ಕ್ವಾಲಿಟಿ ಮೋಡ್ ಹಾಕಿದರೆ ಒಳಗೆ ಬಿಡಿಸುವುದು 2560 × 1440. ಮಿಪ್ ಆರಿಸುವ ಚಿಪ್ಪಿಗೆ ಈ ಸಣ್ಣ ಅಳತೆ ಮಾತ್ರ ಗೊತ್ತು, ಹಾಗಾಗಿ ಸಣ್ಣ ಮಿಪ್ ಆರಿಸುತ್ತದೆ. ಕೊನೆಗೆ 4ಕೆಗೆ ಹಿಗ್ಗಿಸಿದಾಗ ವಿವರ ಎಲ್ಲಿಂದ ಬರಬೇಕು? ಅದಕ್ಕೇ ಗೇಮ್ ಮಾಡುವವರು ಮಿಪ್ ಆಯ್ಕೆಯನ್ನು ದೊಡ್ಡದರ ಕಡೆಗೆ ತಳ್ಳಬೇಕು. ಅಗಲ ಅರ್ಧವಾಗಿದ್ದರೆ ಒಂದು ಪೂರ್ತಿ ಮಟ್ಟ, ಕ್ವಾಲಿಟಿ ಮೋಡ್‌ನಲ್ಲಿ ಸುಮಾರು 0.58 ಮಟ್ಟ. ಸೆಟ್ಟಿಂಗ್‌ಗಳಲ್ಲಿ ಎಲ್‌ಒಡಿ ಬಯಾಸ್ ಅಂತ ಇದಕ್ಕೆ ಹೆಸರು, ಅಂಕೆ ಮೈನಸ್‌ನಲ್ಲಿ ಇರುತ್ತದೆ. ಗೇಮೇ ಇದನ್ನು ಮಾಡಿದ್ದರೆ ನಾವು ಕೈ ಹಾಕಬಾರದು. ಮಾಡಿರದಿದ್ದರೆ ಕೆಲವು ಪಿಸಿ ಟೂಲುಗಳಿಂದ ನಾವೇ ಹಾಕಬಹುದು. ಆದರೆ ಸುಮ್ನೆ ಮೈನಸ್ 3 ಹಾಕಿ “ವಾವ್” ಅನ್ನುವವರ ಸ್ಕ್ರೀನ್‌ಶಾಟ್ ನಂಬಬೇಡಿ. ನಿಂತ ಚಿತ್ರದಲ್ಲಿ ಮಿಣಮಿಣ ಕಾಣುವುದಿಲ್ಲ, ನಡೆದಾಗ ಇಡೀ ಊರೇ ಇರುವೆಗೂಡು.

ಗೆರೆ ಎಳೆಯುವ ಮುಂಚೆ

ಈಗ ಶಾರ್ಪ್‌ನೆಸ್ ಗೆರೆಗೆ ಬರೋಣ. ಮಾಸಿದ ಪಹಣಿಯನ್ನು ಝೆರಾಕ್ಸ್ ಮಾಡಿಸಲು ಹೋಗಿದ್ದೀರಾ? ಅಂಗಡಿಯವನು ಡಾರ್ಕ್ ಗುಂಡಿ ಎರಡು ಸಲ ಒತ್ತುತ್ತಾನೆ. ಮಸುಕಾಗಿದ್ದ ಸರ್ವೆ ನಂಬರು ಎದ್ದು ಕಾಣುತ್ತದೆ. ಜೊತೆಗೆ ಕಾಗದದ ಮಡಿಕೆ, ಚಹಾದ ಕಲೆ ಕೂಡ ಕಪ್ಪಾಗುತ್ತವೆ. ಪೂರ್ತಿ ಅಳಿಸಿಹೋದ ಹೆಸರು ಮಾತ್ರ ಎಷ್ಟು ಒತ್ತಿದರೂ ಬರುವುದಿಲ್ಲ. ಶಾರ್ಪ್‌ನಿಂಗ್ ಮಾಡುವುದು ಇದನ್ನೇ. ಅಂಚಿನ ಈ ಕಡೆಯನ್ನು ಇನ್ನಷ್ಟು ಕಪ್ಪು, ಆ ಕಡೆಯನ್ನು ಇನ್ನಷ್ಟು ಬಿಳಿ ಮಾಡುತ್ತದೆ. ಜಾಸ್ತಿಯಾದರೆ ಅಕ್ಷರದ ಸುತ್ತ ಬಿಳಿ ಪ್ರಭಾವಳಿ ಬರುತ್ತದೆ.

ಎಎಂಡಿ 2019ರಲ್ಲಿ ತಂದ ಸಿಎಎಸ್ ಅನ್ನುವ ಶಾರ್ಪ್ ಮಾಡುವ ವಿಧಾನ ಸ್ವಲ್ಪ ಬುದ್ಧಿವಂತ ಗುಂಡಿ. ಈಗಾಗಲೇ ಅಂಚು ಗಟ್ಟಿ ಇರುವ ಕಡೆ ಕಡಿಮೆ ಒತ್ತುತ್ತದೆ, ಮೆತ್ತಗಿರುವ ಕಡೆ ಜಾಸ್ತಿ. ಟಿಎಎ ಕರಗಿಸಿದ್ದನ್ನು ಮೇಲೆತ್ತಲು ಇದು ನಿಜಕ್ಕೂ ಒಳ್ಳೆಯದು. ನಾನು ಕಾಲು ಭಾಗದಷ್ಟು ಎಳೆದು ನಿಲ್ಲಿಸುತ್ತೇನೆ. ಅದಕ್ಕೂ ಮುಂಚೆ ಮೋಷನ್ ಬ್ಲರ್ (ಓಡುವಾಗಿನ ಮಸುಕು), ಫಿಲ್ಮ್ ಗ್ರೇನ್ (ಹಳೆ ಸಿನಿಮಾದಂಥ ಕಾಳು), ಕ್ರೊಮ್ಯಾಟಿಕ್ ಅಬರೇಶನ್ (ಅಂಚಿನಲ್ಲಿ ಚೆದುರುವ ಬಣ್ಣ) ಆಫ್ ಮಾಡಿ ನೋಡಿ. ಗೇಮೇ ಬೇಕಂತ ಹಾಕಿದ ಮಸುಕನ್ನು ಇಟ್ಟುಕೊಂಡು ಶಾರ್ಪ್ ಮಾಡುವುದರಲ್ಲಿ ಅರ್ಥ ಇಲ್ಲ.

ಎಐನಿಂದ ಟೆಕ್ಸ್ಚರ್ ದೊಡ್ಡದು ಮಾಡುವುದು ಮಾಡ್ ಮಾಡುವವರಲ್ಲಿ, ಅಂದರೆ ಗೇಮನ್ನು ತಮಗೆ ಬೇಕಾದ ಹಾಗೆ ತಿದ್ದುವವರಲ್ಲಿ, ಈಗ ಮಾಮೂಲು. ಕಲ್ಲಿಗೆ, ಮರಕ್ಕೆ ಅದು ಊಹಿಸಿ ತುಂಬಿದ್ದು ನಡೆಯುತ್ತದೆ. ನಮ್ಮ ಹುಡುಗ ಬೋರ್ಡನ್ನೂ ಅದರ ಬಾಯಿಗೆ ಹಾಕಿದ. ಗೆರೆಗಳೇನೋ ಫಳಫಳ ಬಂದವು. ‘ಳ್ಳಿ’ಯ ಒತ್ತಿನ ಜಾಗದಲ್ಲಿ ಕನ್ನಡವೂ ಅಲ್ಲದ, ತೆಲುಗೂ ಅಲ್ಲದ ಒಂದು ಹೊಸ ಅಕ್ಷರ ಕೂತಿತ್ತು.

ಕೊನೆಗೆ ಅವನೇ ಬೋರ್ಡನ್ನು ಮೊದಲಿಂದ ಬರೆದ. ಅಂಚು ತೆಗೆದ, ನೆರಳು ತೆಗೆದ. ಹಳದಿ ಬಿಟ್ಟು ಬಿಳಿ ಹಲಗೆ, ಅದರ ಮೇಲೆ ಕಪ್ಪು ಅಕ್ಷರ. ಶೃಂಗೇರಿಯನ್ನು ಪಕ್ಕದ ಕಿಟಕಿಯ ಕೆಳಗಿನ ಪಟ್ಟಿಗೆ ಕಳಿಸಿದ, ಮುಂದೆ ಎರಡೇ ಊರು ಉಳಿದವು. ಹಾಗಾಗಿ ಅಕ್ಷರ ಮೊದಲಿನ ಒಂದೂವರೆ ಪಟ್ಟು ಆಯಿತು. ಒತ್ತುಗಳನ್ನು ಕೆಳಕ್ಕೆ ಎಳೆದು ನಡುವೆ ಸಂದು ಬಿಟ್ಟ. ‘ಥ’ದ ಚುಕ್ಕೆಯನ್ನು ಆರು ಟೆಕ್ಸೆಲ್ ಅಗಲ ಮಾಡಿದ. ಗ್ಯಾಲರಿಯಲ್ಲಿ ನೋಡಿದರೆ ಕುಂಕುಮ ಜಾಸ್ತಿಯಾದ ಹಣೆಯ ಹಾಗೆ ಕಾಣುತ್ತದೆ. ಗೇಮಿನಲ್ಲಿ, ಅದೇ ಹಳೆಯ ಫೋನಿನಲ್ಲಿ, ಬಸ್ಸು ಎದುರಿನ ತಿರುವಿನಲ್ಲಿ ಬರುತ್ತಿದ್ದಂತೆ ತೀರ್ಥಹಳ್ಳಿ ಅಂತ ಓದಬಹುದು.